ಸತ್ತವರ ಲೆಕ್ಕ ಸರ್ಕಾರದ ಬಳಿಯೇ ಇತ್ತು



ಕೊರೊನಾದಿಂದ ಭಾರತದಲ್ಲಿ ಮೊದಲು ದಾಖಲಾದ ಸಾವು ನಮ್ಮ ಕಲಬುರಗಿಯದು. 2020ರ ಮಾರ್ಚ್ 10ರಂದು ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಸೋಂಕಿತ್ತು ಎಂದು ಸರ್ಕಾರ ಖಚಿತಪಡಿಸಿದ್ದು 12ರಂದು. ಅಲ್ಲಿಂದ ಶುರುವಾದ ಎಣಿಕೆ 2021ರ ಡಿಸೆಂಬರ್ ಕೊನೆಗೆ 4 ಲಕ್ಷ 81 ಸಾವಿರಕ್ಕೆ ಬಂದು ಮುಟ್ಟಿತು. ಇದು ಕೇಂದ್ರ ಸರ್ಕಾರದ ಲೆಕ್ಕ. 2022ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಲೆಕ್ಕ ಕೊಟ್ಟಿತು. ಅದೇ ಎರಡು ವರ್ಷ, ಅದೇ ದೇಶ, ಎಂದಿನ ಲೆಕ್ಕಕ್ಕಿಂತ 47 ಲಕ್ಷ ಹೆಚ್ಚುವರಿ ಸಾವು. ಹತ್ತು ಹನ್ನೊಂದು ಸಾವಿರದ ವ್ಯತ್ಯಾಸವಾಗಿದ್ದರೆ ಹೋಗಲಿ ಬಿಡಿ ಎನ್ನಬಹುದಿತ್ತು. ಇದು ಸುಮಾರು ಹತ್ತು ಪಟ್ಟು.

ಆಮೇಲೆ ಆದದ್ದು ನಿಮಗೆ ನೆನಪಿರಬಹುದು. ಟಿವಿಯಲ್ಲಿ ಒಂದು ಕಡೆಯವರು ದೇಶದ ಮಾನ ಕಳೆಯುವ ಸಂಚು ಎಂದರು, ಇನ್ನೊಂದು ಕಡೆಯವರು ಹೆಣ ಮುಚ್ಚಿಟ್ಟ ಸರ್ಕಾರ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಬಳಸಿದ ಗಣಿತದ ಮಾದರಿ ಸರಿಯೋ ತಪ್ಪೋ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಆ ಗದ್ದಲದಲ್ಲಿ ಯಾರೂ ಹೆಚ್ಚು ಕೇಳದೇ ಹೋದ ಪ್ರಶ್ನೆ ಒಂದಿದೆ. ನಮ್ಮಲ್ಲಿ ಹುಟ್ಟು ಸಾವು ಬರೆದಿಡಲು 1969ರಿಂದಲೂ ಒಂದು ಕಾಯ್ದೆ ಇದೆ. ಯಾರೇ ಸತ್ತರೂ 21 ದಿನದೊಳಗೆ ತಿಳಿಸಬೇಕು. ನಮ್ಮ ಹಳ್ಳಿಗಳಲ್ಲಿ ಅದನ್ನು ಬರೆದುಕೊಂಡವರು ಗ್ರಾಮ ಲೆಕ್ಕಿಗರು, ನಗರಗಳಲ್ಲಿ ಪಾಲಿಕೆಯ ಆರೋಗ್ಯ ವಿಭಾಗದವರು. ಹಾಗಿದ್ದರೆ ಆ ನೋಂದಣಿ ಪುಸ್ತಕದಲ್ಲಿ ಏನಿತ್ತು? ಅದನ್ನು ತೆರೆದು ತೋರಿಸಿದ್ದರೆ ಜಿನೀವಾದಲ್ಲಿರುವ ಆ ಸಂಸ್ಥೆಯಿಂದ ಅಂದಾಜು ಬರುವ ಪ್ರಮೇಯವೇ ಇರುತ್ತಿರಲಿಲ್ಲವಲ್ಲ?

ಅದಕ್ಕೆ ಬರುತ್ತೇನೆ. ಮೊದಲು ಒಂದು ಸಾವು ಲೆಕ್ಕದಿಂದ ಹೇಗೆ ಜಾರಿಹೋಗುತ್ತದೆ ನೋಡೋಣ.

ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ವೈದ್ಯರು ನಮೂನೆ 4 ಎಂಬ ಕಾಗದ ತುಂಬಬೇಕು. ಸಾವಿನ ಕಾರಣ ಬರೆಯಲು ಅದರಲ್ಲಿ ಒಂದರ ಕೆಳಗೊಂದು ಮೂರು ಸಾಲುಗಳಿವೆ. ಮೊದಲ ಸಾಲಿನಲ್ಲಿ ಕೊನೆ ಗಳಿಗೆಯಲ್ಲಿ ಏನಾಯಿತು ಎಂಬುದು, ಎರಡನೆಯದರಲ್ಲಿ ಅದು ಏತರಿಂದ ಬಂತು ಎಂಬುದು, ಮೂರನೆಯದರಲ್ಲಿ ಇವೆಲ್ಲಕ್ಕೂ ಮೂಲ ಯಾವುದು ಎಂಬುದು. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ ಮುಂತಾಗಿ ಜೊತೆಗಿದ್ದ ಕಾಯಿಲೆಗಳಿಗೆ ಕೆಳಗೆ ಬೇರೆ ಜಾಗವಿದೆ. ಸರಿಯಾಗಿ ತುಂಬಿದರೆ ಮೊದಲ ಸಾಲಿನಲ್ಲಿ ಉಸಿರಾಟದ ವೈಫಲ್ಯ, ಎರಡನೆಯದರಲ್ಲಿ ನ್ಯುಮೋನಿಯಾ, ಮೂರನೆಯದರಲ್ಲಿ ಕೋವಿಡ್. ಎಣಿಸುವವರು ನೋಡುವುದು ಆ ಮೂಲ ಕಾರಣವನ್ನು. ನಲವತ್ತು ರೋಗಿಗಳ ವಾರ್ಡಿಗೆ ಒಬ್ಬರೇ ಡ್ಯೂಟಿ ಡಾಕ್ಟರು, ಬೆಳಗಿನ ಜಾವ ಮೂರು ಗಂಟೆ, ಹೊರಗೆ ಬೆಡ್ಡಿಗಾಗಿ ಕಾದ ಜನ. ಮೊದಲ ಸಾಲಿನಲ್ಲಿ ‘ಹೃದಯ ಸ್ತಂಭನ’ ಎಂದು ಗೀಚಿ ಸಹಿ ಹಾಕಿದರೆ ಅಲ್ಲಿಗೆ ಮುಗಿಯಿತು, ಆ ಸಾವು ಹೃದ್ರೋಗದ ಖಾತೆಗೆ ಹೋಯಿತು. ಹೃದಯ ನಿಲ್ಲದೆ ಸಾಯುವವರು ಯಾರಿದ್ದಾರೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಇದನ್ನು ಮುಂಚೆಯೇ ಊಹಿಸಿತ್ತು. ಕೋವಿಡ್ ಬಂದು ಸತ್ತವರಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ಮೂಲ ಕಾರಣ ಕೋವಿಡ್ ಎಂದೇ ಬರೆಯಿರಿ, ಪರೀಕ್ಷೆ ಆಗಿರದಿದ್ದರೂ ಲಕ್ಷಣಗಳಿದ್ದರೆ ಶಂಕಿತ ಎಂದು ಬೇರೆ ಸಂಕೇತ ಕೊಡಿ ಎಂದು 2020ರಲ್ಲೇ ಸೂಚನೆ ಹೊರಡಿಸಿತ್ತು. ಆದರೆ ದಿನ ಸಂಜೆಯ ಬುಲೆಟಿನ್ನಿನಲ್ಲಿ ಶಂಕಿತರಿಗೆ ಜಾಗ ಸಿಗಲಿಲ್ಲ. ಪಾಸಿಟಿವ್ ವರದಿ ಇದ್ದವರಷ್ಟೇ ಅಲ್ಲಿಗೆ ಬಂದರು. ಪಶ್ಚಿಮ ಬಂಗಾಳ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಪರಿಶೀಲನಾ ಸಮಿತಿ 57 ಸೋಂಕಿತರ ಸಾವು ನೋಡಿ, ಇವರಲ್ಲಿ ಕೋವಿಡ್‌ನಿಂದ ಸತ್ತವರು 18 ಮಂದಿ, ಮಿಕ್ಕ 39 ಮಂದಿ ಬೇರೆ ಕಾಯಿಲೆಗಳಿಂದ ಸತ್ತರು ಎಂದು ತೀರ್ಪು ಕೊಟ್ಟಿತು.

ಇದು ಒಂದು ಪಕ್ಷದ ಚಾಳಿಯಲ್ಲ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಬಂಗಾಳದಲ್ಲಿ ಒಂದು ಪಕ್ಷ. ದೆಹಲಿಯಲ್ಲಿ ಇನ್ನೊಂದು, ಅಲ್ಲಿ 2020ರ ಜೂನ್‌ನಲ್ಲಿ ಮೂರು ಮಹಾನಗರ ಪಾಲಿಕೆಗಳು ತಮ್ಮ ಸ್ಮಶಾನಗಳ ಲೆಕ್ಕ ತೆಗೆದು 2,098 ಕೋವಿಡ್ ಅಂತ್ಯಕ್ರಿಯೆ ಆಗಿವೆ ಎಂದಾಗ ರಾಜ್ಯ ಸರ್ಕಾರದ ಸಂಖ್ಯೆ ಸಾವಿರದ ಆಸುಪಾಸಿನಲ್ಲಿತ್ತು. ಬಿಹಾರದಲ್ಲಿ ಮತ್ತೊಂದು, 2021ರ ಜೂನ್‌ನಲ್ಲಿ ಪಾಟ್ನಾ ಹೈಕೋರ್ಟಿನ ಒತ್ತಡಕ್ಕೆ ಮರುಲೆಕ್ಕ ಮಾಡಿದಾಗ ಸುಮಾರು ಐದೂವರೆ ಸಾವಿರವಿದ್ದ ಸಾವು ಒಂದೇ ದಿನಕ್ಕೆ 9,429 ಆಯಿತು. ಕುರ್ಚಿಯಲ್ಲಿ ಕೂತವರಿಗೆ ಸಣ್ಣ ಸಂಖ್ಯೆ ಹಿತ, ಎದುರು ಕೂತವರಿಗೆ ದೊಡ್ಡದು.

ಹಾಗೆಂದು ಮುಚ್ಚಿಟ್ಟವರು ಸರ್ಕಾರದವರು ಮಾತ್ರವೇ? ನಮ್ಮ ಜನವೂ ಮುಚ್ಚಿಟ್ಟರು. ಅದಕ್ಕೆ ಕಾರಣವಿತ್ತು. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಒಂದೇ ಗುಂಡಿಗೆ ಎಸೆಯುವ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹೋಯಿತು, ಜಿಲ್ಲಾಡಳಿತ ಕ್ಷಮೆ ಕೇಳಿತು. ಕ್ಷಮೆ ಎಷ್ಟು ಜನರನ್ನು ಮುಟ್ಟಿತೋ, ವಿಡಿಯೊ ಮಾತ್ರ ಎಲ್ಲರನ್ನೂ ಮುಟ್ಟಿತ್ತು. ಮರುವರ್ಷ ಏಪ್ರಿಲ್, ಮೇನಲ್ಲಿ ಎರಡನೇ ಅಲೆ ಹಳ್ಳಿಗೆ ಬಂದಾಗ ಊರ ಕಟ್ಟೆಯ ಮೇಲಿನ ಮಾತು ಇಷ್ಟೇ: “ಟೆಸ್ಟ್ ಮಾಡಿಸಿದ್ರೆ ಆಂಬುಲೆನ್ಸ್ ಬಂದು ಎತ್ಕೊಂಡು ಹೋಗುತ್ತೆ, ಆಮೇಲೆ ಮುಖ ನೋಡಕ್ಕೂ ಬಿಡಲ್ಲ.” ನಾಲ್ಕು ದಿನ ಜ್ವರ ಬಂದು ಹೋದರು ಎಂದರು. ಲೋ ಬಿಪಿ ಆಯಿತು ಎಂದರು. ಹಾರ್ಟ್ ಅಟ್ಯಾಕ್ ಎಂದರು. ಮನೆಯಲ್ಲಿ ಕೊರೊನಾ ಎಂದರೆ ಬೀದಿಯವರು ನೀರಿಗೂ ಬಿಡುವುದಿಲ್ಲ ಎಂಬ ಹೆದರಿಕೆ ಬೇರೆ. ಬಂಧುಗಳು ಬಂದು ಅಡ್ಡಿಯಿಲ್ಲದೆ ಸಂಸ್ಕಾರ ಮಾಡಿ ಮುಗಿಸಿದರು.

ಇದರ ಇನ್ನೊಂದು ತುದಿ ಬೆಂಗಳೂರಿನಲ್ಲಿ ಕಾಣಿಸಿತು. ವಿದ್ಯುತ್ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು, ಚಾಮರಾಜಪೇಟೆಯ ಚಿತಾಗಾರದ ಬಾಗಿಲಿಗೆ ‘ಹೌಸ್ ಫುಲ್’ ಬೋರ್ಡು, ಊರಾಚೆ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಚಿತೆ. ಸುಟ್ಟ ಮೇಲೆ ಬೂದಿ ಒಯ್ಯಲೂ ಬಾರದ ಮನೆಗಳಿದ್ದವು. ಮನೆಮಂದಿಯೆಲ್ಲ ಹಾಸಿಗೆ ಹಿಡಿದಿದ್ದರೆ ಬರುವವರು ಯಾರು? ವಾರಸುದಾರರು ಬರದೆ ಉಳಿದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು 2021ರ ಜೂನ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ಒಯ್ದು, ಕಂದಾಯ ಸಚಿವರಾಗಿದ್ದ ಆರ್. ಅಶೋಕ ಅವರೇ ಮುಂದೆ ನಿಂತು ಕಾವೇರಿಯಲ್ಲಿ ಬಿಟ್ಟರು. ಆ ಒಂದು ಕೆಲಸವನ್ನು ಸರ್ಕಾರ ಮರ್ಯಾದೆಯಿಂದ ಮಾಡಿತು ಎಂದು ನನ್ನ ಅಭಿಪ್ರಾಯ.

ಚಾಮರಾಜನಗರದ ಮಾತು ಬೇರೆ. ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 2021ರ ಮೇ 2 ಮತ್ತು 3ರ ನಡುವೆ 24 ಮಂದಿ ತೀರಿಕೊಂಡರು. ಆಕ್ಸಿಜನ್ ಇಲ್ಲದೆ ಸತ್ತರು ಎಂದು ಮನೆಯವರು ಕೂಗಿದರು. ಎಲ್ಲರೂ ಆಕ್ಸಿಜನ್ ಕೊರತೆಯಿಂದ ಸತ್ತದ್ದಲ್ಲ ಎಂದು ಸಚಿವರ ಸಮಜಾಯಿಷಿ ಬಂತು. ಹೈಕೋರ್ಟಿನ ಸೂಚನೆಯಂತೆ ವಿಚಾರಣೆ ನಡೆಸಿದ ನಿವೃತ್ತ ನ್ಯಾಯಮೂರ್ತಿಗಳ ಸಮಿತಿ ಆಮ್ಲಜನಕದ ಕೊರತೆಯನ್ನು ಎತ್ತಿ ಹೇಳಿತು. ಇದಾಗಿ ಎರಡು ತಿಂಗಳಿಗೆ, ಜುಲೈ 20ರಂದು, ರಾಜ್ಯಸಭೆಯಲ್ಲಿ ಕೇಂದ್ರ ಸರ್ಕಾರದ ಉತ್ತರ ಏನು ಗೊತ್ತೆ? ಆಮ್ಲಜನಕದ ಕೊರತೆಯಿಂದಲೇ ಆದ ಸಾವು ಎಂದು ರಾಜ್ಯಗಳು ಯಾವುದನ್ನೂ ವರದಿ ಮಾಡಿಲ್ಲ.

ಕಾಗದದ ಪ್ರಕಾರ ಈ ಉತ್ತರ ಸುಳ್ಳಲ್ಲ. ಆ ನಮೂನೆ 4ರಲ್ಲಿ ‘ಸಿಲಿಂಡರ್ ಬರಲಿಲ್ಲ’ ಎಂದು ಬರೆಯುವ ಸಾಲು ಇಲ್ಲವಲ್ಲ. ರೋಗಿಯ ಉಸಿರು ನಿಂತದ್ದಕ್ಕೆ ವೈದ್ಯಶಾಸ್ತ್ರದ ಹೆಸರಿದೆ, ಲಾರಿ ತಡವಾದದ್ದಕ್ಕೆ ಇಲ್ಲ. ರಾಜ್ಯ ಬರೆದು ಕಳಿಸಲಿಲ್ಲ, ಕೇಂದ್ರ ಕೇಳಿ ಪಡೆಯಲಿಲ್ಲ, ಸದನದಲ್ಲಿ ಸೊನ್ನೆ ಮಂಡನೆಯಾಯಿತು. ನನಗೆ ಇಡೀ ಸಾಂಕ್ರಾಮಿಕದಲ್ಲಿ ಅತಿ ಹೆಚ್ಚು ಸಿಟ್ಟು ತರಿಸಿದ ಸಂಖ್ಯೆ 47 ಲಕ್ಷವಲ್ಲ, 4 ಲಕ್ಷ 81 ಸಾವಿರವೂ ಅಲ್ಲ. ಆ ಸೊನ್ನೆ.

ಸಾವಿನ ಲೆಕ್ಕ ತಿರುಗಿ ಬಿದ್ದದ್ದು ದುಡ್ಡಿನ ಮಾತು ಬಂದ ಮೇಲೆ. 2021ರ ಜೂನ್ 30ರಂದು ಸುಪ್ರೀಂ ಕೋರ್ಟು, ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ ಪರಿಹಾರ ಕೊಡಲೇಬೇಕು ಎಂದಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 50 ಸಾವಿರ ರೂಪಾಯಿ ಎಂದು ನಿಗದಿ ಮಾಡಿತು. ಪಾಸಿಟಿವ್ ಬಂದ 30 ದಿನದೊಳಗೆ ಸತ್ತರೆ, ಮನೆಯಲ್ಲಿ ಸತ್ತಿರಲಿ ಆಸ್ಪತ್ರೆಯಲ್ಲಿ ಸತ್ತಿರಲಿ, ಅದು ಕೋವಿಡ್ ಸಾವು. ಪ್ರಮಾಣ ಪತ್ರದಲ್ಲಿ ಕೋವಿಡ್ ಎಂದು ಬರೆದಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂದೂ ಕೋರ್ಟು ಹೇಳಿತು. ನಮ್ಮ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಗಳಿಗೆ ರಾಜ್ಯದ 1 ಲಕ್ಷ ಬೇರೆ ಇತ್ತು.

ಮೇ ತಿಂಗಳಲ್ಲಿ ಕೊರೊನಾ ಅಲ್ಲವೇ ಅಲ್ಲ ಎಂದು ಬೀದಿಗೆಲ್ಲ ಹೇಳಿದ್ದ ಮನೆಯವರು ನವೆಂಬರಿನಲ್ಲಿ ಕೊರೊನಾವೇ ಎಂದು ಸಾಧಿಸಲು ನಾಡಕಚೇರಿಯ ಮೆಟ್ಟಿಲು ಹತ್ತಿದರು. ಅಲ್ಲಿ ಮೊದಲ ಪ್ರಶ್ನೆ, “ಪಿ ನಂಬರ್ ಇದೆಯಾ?” ಪಾಸಿಟಿವ್ ಬಂದ ಪ್ರತಿಯೊಬ್ಬರಿಗೂ ರಾಜ್ಯ ಕೊಟ್ಟಿದ್ದ ಕ್ರಮಸಂಖ್ಯೆ ಅದು. ಅದಿದ್ದರೆ ಅರ್ಧ ಕೆಲಸ ಆದಂತೆ. ಇಲ್ಲದಿದ್ದರೆ ಸಿಟಿ ಸ್ಕ್ಯಾನ್ ಕಾಗದ, ಔಷಧಿ ಅಂಗಡಿಯ ಬಿಲ್ಲು, ಡಾಕ್ಟರರ ಚೀಟಿ ಎಲ್ಲ ಹೊಂದಿಸಿಕೊಂಡು ಸಮಿತಿಯ ಮುಂದೆ ಹೋಗಬೇಕು. ಟೆಸ್ಟಿಗೆ ಹೆದರಿದವರ ಬಳಿ ಕಾಗದವೂ ಇರಲಿಲ್ಲ. ಟೆಸ್ಟ್ ಕಿಟ್ಟೇ ಸಿಗದ ಊರುಗಳವರ ಬಳಿಯೂ ಇರಲಿಲ್ಲ, ಇಬ್ಬರನ್ನೂ ಆ ಕೌಂಟರು ಒಂದೇ ರೀತಿ ನೋಡಿತು.

ಗುಜರಾತಿನಲ್ಲಿ ಇದರ ಫಲಿತಾಂಶ ವಿಚಿತ್ರವಾಗಿತ್ತು. ಅಲ್ಲಿ ಅಧಿಕೃತ ಕೋವಿಡ್ ಸಾವು ಸುಮಾರು 10 ಸಾವಿರ. 2022ರ ಜನವರಿಯ ಹೊತ್ತಿಗೆ ಪರಿಹಾರ ಕೇಳಿ ಬಂದ ಅರ್ಜಿಗಳು 89 ಸಾವಿರಕ್ಕೂ ಹೆಚ್ಚು, ಸರ್ಕಾರವೇ ಒಪ್ಪಿ ಮಂಜೂರು ಮಾಡಿದವು 68 ಸಾವಿರ. ಅಂದರೆ ಒಂದು ಇಲಾಖೆ 10 ಸಾವಿರ ಸತ್ತರು ಎನ್ನುತ್ತಿತ್ತು, ಇನ್ನೊಂದು ಇಲಾಖೆ 68 ಸಾವಿರ ಕುಟುಂಬಗಳಿಗೆ ಚೆಕ್ ಬರೆಯುತ್ತಿತ್ತು. ಗುಜರಾತಿ ಪತ್ರಿಕೆಗಳಿಗೆ ಇದು ಆಶ್ಚರ್ಯವಾಗಿರಲಾರದು. 2021ರ ಮಾರ್ಚ್ 1ರಿಂದ ಮೇ 10ರವರೆಗೆ ರಾಜ್ಯದಲ್ಲಿ ಸುಮಾರು 1 ಲಕ್ಷ 23 ಸಾವಿರ ಮರಣ ಪ್ರಮಾಣ ಪತ್ರ ಕೊಟ್ಟಿದ್ದಾರೆ, ಹಿಂದಿನ ವರ್ಷ ಇದೇ ಅವಧಿಯಲ್ಲಿ 58 ಸಾವಿರ ಇತ್ತು ಎಂದು ‘ದಿವ್ಯ ಭಾಸ್ಕರ್’ ಆಗಲೇ ಬರೆದಿತ್ತು. ಸರ್ಕಾರ ಆ ಎಪ್ಪತ್ತೊಂದು ದಿನಕ್ಕೆ ಹೇಳಿದ ಕೋವಿಡ್ ಸಾವು 4,218. ಅರ್ಜಿಗಳಲ್ಲಿ ಖೊಟ್ಟಿಯೂ ಇದ್ದವು, ಅದನ್ನೂ ಹೇಳಬೇಕು. ಸುಳ್ಳು ಅರ್ಜಿಗಳ ಅನುಮಾನ ಬಂದು ನಾಲ್ಕು ರಾಜ್ಯಗಳಲ್ಲಿ ನೂರಕ್ಕೆ ಐದರಷ್ಟನ್ನು ಪರಿಶೀಲಿಸಲು 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ಅನುಮತಿ ಕೊಟ್ಟಿತು.

ಈಗ ಆ ನೋಂದಣಿ ಪುಸ್ತಕಕ್ಕೆ ಬರೋಣ. ಹತ್ತಿರ ಕಾಗದ, ಪೆನ್ನು ಇದ್ದರೆ ನಾಲ್ಕೇ ಸಂಖ್ಯೆ ಬರೆದುಕೊಳ್ಳಿ. ದೇಶದಲ್ಲಿ ನೋಂದಣಿಯಾದ ಎಲ್ಲ ಸಾವು, ಯಾವ ಕಾರಣದ್ದೇ ಇರಲಿ. 2018ರಲ್ಲಿ 69.5 ಲಕ್ಷ. 2019ರಲ್ಲಿ 76.4 ಲಕ್ಷ. 2020ರಲ್ಲಿ 81.2 ಲಕ್ಷ. 2021ರಲ್ಲಿ 1 ಕೋಟಿ 2 ಲಕ್ಷ.

ಮೊದಲ ಮೂರನ್ನು ನೋಡಿದರೆ ಸರ್ಕಾರದ ವಾದದಲ್ಲಿ ಹುರುಳಿದೆ. ಕೊರೊನಾ ಇಲ್ಲದ 2019ರಲ್ಲೇ ನೋಂದಣಿ ಹಿಂದಿನ ವರ್ಷಕ್ಕಿಂತ ಸುಮಾರು 7 ಲಕ್ಷ ಹೆಚ್ಚಿತ್ತು. ಜನ ಹೆಚ್ಚು ಸತ್ತರೆಂದಲ್ಲ, ಹೆಚ್ಚು ಸಾವುಗಳನ್ನು ಬರೆಸಿದರು. ಪೌತಿ ಖಾತೆಗೆ, ವಿಮೆಗೆ, ಬ್ಯಾಂಕಿಗೆ, ವಿಧವಾ ವೇತನಕ್ಕೆ ಪ್ರಮಾಣ ಪತ್ರ ಬೇಕು, ಹಾಗಾಗಿ ಬರೆಸುತ್ತಾರೆ. ಹೆಸರಿನಲ್ಲಿ ಹೊಲವೂ ಇಲ್ಲದ ಪಾಸ್‌ಬುಕ್ಕೂ ಇಲ್ಲದ ಮುದುಕಿ ಸತ್ತರೆ ಬರೆಸಲು ಯಾರು ಅಲೆಯುತ್ತಾರೆ? 2020ರಲ್ಲಿ ಹೆಚ್ಚಾದದ್ದು 4.8 ಲಕ್ಷ, ಅದನ್ನೆಲ್ಲ ಕೊರೊನಾದ ತಲೆಗೆ ಕಟ್ಟಲಾಗದು ಎಂದು ಕೇಂದ್ರ ಹೇಳಿದ್ದು ಸರಿಯೇ. ವಿಶ್ವ ಆರೋಗ್ಯ ಸಂಸ್ಥೆ ನಮ್ಮ ಹದಿನೇಳು ರಾಜ್ಯಗಳ ಬಿಡಿ ಮಾಹಿತಿ ಹಿಡಿದು ಇಡೀ ದೇಶಕ್ಕೆ ಅಂದಾಜು ಮಾಡಿದೆ ಎಂಬ ಆಕ್ಷೇಪವೂ ನಿರಾಧಾರವಲ್ಲ. ಈ 2020ರ ಪುಸ್ತಕವನ್ನು ಕೇಂದ್ರ ಪ್ರಕಟಿಸಿದ್ದು 2022ರ ಮೇ 3ರಂದು, ಜಿನೀವಾದ ವರದಿಗೆ ಎರಡೇ ದಿನ ಮುಂಚೆ. ನೋಡಿ, ನಮ್ಮ ಬಳಿ ಎಣಿಸಿದ ಲೆಕ್ಕವೇ ಇರುವಾಗ ನಿಮ್ಮ ಅಂದಾಜು ಏಕೆ ಎಂದು ಕೇಳಿತು.

ಒಳ್ಳೆಯ ಪ್ರಶ್ನೆ. ಆದರೆ ಕೊರೊನಾ ನಮ್ಮನ್ನು ನಿಜವಾಗಿ ಕೊಂದದ್ದು 2021ರಲ್ಲಿ. ಆ ವರ್ಷದ ಪುಸ್ತಕ ಹೊರಬಂದದ್ದು 2025ರ ಮೇನಲ್ಲಿ. ಅನುಕೂಲವಿದ್ದ ಪುಸ್ತಕಕ್ಕೆ ಅಷ್ಟು ಅವಸರ, ಅನುಕೂಲವಿಲ್ಲದ್ದಕ್ಕೆ ಮತ್ತೆ ಮೂರು ವರ್ಷ. ಒಂದೇ ವರ್ಷದಲ್ಲಿ 21 ಲಕ್ಷ ಸಾವು ಏರಿದ್ದು ಬರೀ ನೋಂದಣಿ ಸುಧಾರಿಸಿದ್ದರಿಂದ ಎಂದು ಯಾವ ಅಂಕಿಅಂಶ ಶಾಸ್ತ್ರಜ್ಞರೂ ಹೇಳಲಾರರು. ಆ ವರ್ಷಕ್ಕೆ ಆರೋಗ್ಯ ಇಲಾಖೆ ಹೇಳಿದ ಕೋವಿಡ್ ಸಾವು ಸುಮಾರು 3.3 ಲಕ್ಷ. ನೋಂದಣಿಯಾದ ಸಾವುಗಳಲ್ಲಿ ಕಾಲು ಭಾಗಕ್ಕೂ ಕಡಿಮೆ ಸಾವಿಗೆ ಮಾತ್ರ ನಮ್ಮಲ್ಲಿ ವೈದ್ಯರು ಬರೆದ ಕಾರಣ ಸಿಗುತ್ತದೆ. ಆ ಕಾಲು ಭಾಗದಲ್ಲೇ ಕೋವಿಡ್ ಎಂದು ಬರೆದವು 4 ಲಕ್ಷ ದಾಟಿದವು. ಬಿಡಿ ಮಾಲಿನ ತೂಕವೇ ಇಡೀ ಮೂಟೆಯ ತೂಕಕ್ಕಿಂತ ಹೆಚ್ಚು ಬಂದಂತಾಯಿತು.

ಇನ್ನೂ ಅನುಮಾನವಿದ್ದರೆ ಸರ್ಕಾರದ್ದೇ ಎರಡನೇ ಸಾಕ್ಷಿ ಇದೆ, ಮಾದರಿ ನೋಂದಣಿ ಸಮೀಕ್ಷೆ. ಆಯ್ದ ಹಳ್ಳಿ, ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ ಯಾರು ಹುಟ್ಟಿದರು, ಯಾರು ಸತ್ತರು ಎಂದು ಕೇಳಿ ಬರೆಯುತ್ತಾರೆ. ಬರೆಸಲು ಯಾರೂ ಕಚೇರಿಗೆ ಹೋಗಬೇಕಿಲ್ಲ. ಅದರ ಪ್ರಕಾರ 2020ರಲ್ಲಿ ಸಾವಿರ ಜನರಿಗೆ 6 ಸಾವು, ಹಿಂದಿನ ವರ್ಷದಷ್ಟೇ. ಸರ್ಕಾರ ಇದನ್ನು ಹೆಮ್ಮೆಯಿಂದ ತೋರಿಸಿತ್ತು. 2021ರಲ್ಲಿ ಅದೇ ಸಮೀಕ್ಷೆ ಹೇಳಿದ್ದು 7.5. ಸಾವಿರಕ್ಕೆ ಒಂದೂವರೆ ಹೆಚ್ಚು. ನೂರಮೂವತ್ತಾರು ಕೋಟಿ ಜನಕ್ಕೆ ಗುಣಿಸಿ, 20 ಲಕ್ಷದ ಮೇಲೆ ಬರುತ್ತದೆ.

47 ಲಕ್ಷ ಜಾಸ್ತಿಯಾಯಿತು ಎಂದು ನನಗೂ ಅನಿಸುತ್ತದೆ. ತಜ್ಞರೇ ಒಂದು ಮಾತಿನಲ್ಲಿ ಇಲ್ಲ: ಸಾಂಕ್ರಾಮಿಕ ರೋಗ ತಜ್ಞ ಪ್ರಭಾತ್ ಝಾ ಮತ್ತು ಸಂಗಡಿಗರು 2021ರ ಜುಲೈವರೆಗೆ 32 ಲಕ್ಷ ಎಂದರು, ಅರ್ಥಶಾಸ್ತ್ರಜ್ಞ ಅರವಿಂದ ಸುಬ್ರಮಣಿಯನ್ ಮತ್ತಿತರರು 34ರಿಂದ 49 ಲಕ್ಷ ಎಂದರು. ಹೆಚ್ಚುವರಿ ಸಾವೆಲ್ಲ ವೈರಸ್ಸಿನಿಂದ ಆದದ್ದೂ ಅಲ್ಲ. ಡಯಾಲಿಸಿಸ್ ತಪ್ಪಿದವರು, ಹೆರಿಗೆಗೆ ವಾಹನ ಸಿಗದವರು, ಬೆಡ್ ಇಲ್ಲವೆಂದು ವಾಪಸು ಕಳಿಸಿದ ಹೃದ್ರೋಗಿಗಳು ಎಲ್ಲ ಅದರಲ್ಲಿದ್ದಾರೆ. ಆದರೆ ಚರ್ಚೆ 20 ಲಕ್ಷವೋ 30 ಲಕ್ಷವೋ ಎಂದು ನಡೆಯಬೇಕಿತ್ತು. 4 ಲಕ್ಷ 81 ಸಾವಿರವೋ 47 ಲಕ್ಷವೋ ಎಂದು ನಡೆದದ್ದು ಪುಸ್ತಕ ಮುಚ್ಚಿಟ್ಟಿದ್ದರಿಂದ.

ಬೇರೆ ದೇಶಗಳೂ ಎಡವಿವೆ. ಇಂಗ್ಲೆಂಡಿನಲ್ಲಿ ಒಮ್ಮೆ ಪಾಸಿಟಿವ್ ಬಂದವರು ಯಾವಾಗ, ಹೇಗೆ ಸತ್ತರೂ ಕೋವಿಡ್ ಎಂದೇ ಎಣಿಸುತ್ತಿದ್ದರು. 2020ರ ಆಗಸ್ಟಿನಲ್ಲಿ 28 ದಿನದ ಮಿತಿ ಹಾಕಿ ಬ್ರಿಟನ್ನಿನ ಲೆಕ್ಕದಿಂದ ಐದು ಸಾವಿರಕ್ಕೂ ಹೆಚ್ಚು ಸಾವು ಕಳೆದರು. ಪೆರು ಉಲ್ಟಾ. ತಜ್ಞರ ಸಮಿತಿ ಮಾಡಿ, ಸಾವಿನ ನೋಂದಣಿ ತಿರುವಿಹಾಕಿ, 2021ರ ಮೇ 31ರಂದು 69,342 ಇದ್ದ ಸಂಖ್ಯೆಯನ್ನು 1,80,764 ಎಂದು ತಿದ್ದಿತು. ಆ ಒಂದು ತಿದ್ದುಪಡಿಯಿಂದ ಜನಸಂಖ್ಯೆಯ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸಾವು ಕಂಡ ದೇಶ ಎಂಬ ಹಣೆಪಟ್ಟಿ ಹತ್ತಿತು. ಪೆರು ಶ್ರೀಮಂತ ದೇಶವೇನೂ ಅಲ್ಲ.

ನಮ್ಮ ಹಳೆಯ ಲೆಕ್ಕವೂ ಇನ್ನೂ ಚುಕ್ತಾ ಆಗಿಲ್ಲ. 1918ರ ಇನ್‌ಫ್ಲುಯೆನ್ಜಾದಲ್ಲಿ ಭಾರತದಲ್ಲಿ 60 ಲಕ್ಷ ಜನ ಸತ್ತರು ಎಂದು ಅಂದಿನ ನೈರ್ಮಲ್ಯ ಆಯುಕ್ತ ನಾರ್ಮನ್ ವೈಟ್ ಮೊದಲಿಗೆ ಬರೆದರು. ಊರಿನ ಸಾವು ಬರೆದಿಡಬೇಕಾದವರೇ ಹಾಸಿಗೆ ಹಿಡಿದಿದ್ದರು, ಎಷ್ಟೋ ಕಡೆ ದಾಖಲೆಯೇ ನಿಂತುಹೋಗಿತ್ತು. 1921ರ ಜನಗಣತಿ ಬಂದ ಮೇಲೆ ಅಂದಾಜು ಎರಡು ಪಟ್ಟಾಯಿತು, ಈಚಿನ ವಿದ್ವಾಂಸರಲ್ಲಿ ಕೆಲವರು ಒಂದೂಮುಕ್ಕಾಲು ಕೋಟಿಯವರೆಗೆ ಹೋಗುತ್ತಾರೆ. ಜನಗಣತಿ ಸುಳ್ಳು ಹೇಳಲು ಬಿಡುವುದಿಲ್ಲ. ಹತ್ತು ವರ್ಷದ ಹಿಂದೆ ಇದ್ದವರು ಈಗ ಎಲ್ಲಿ ಎಂದು ಕೇಳುತ್ತದೆ. ನಮ್ಮ 2021ರ ಗಣತಿ ನಡೆಯಲೇ ಇಲ್ಲ, 2027ಕ್ಕೆ ಹೋಗಿದೆ. ಅದರ ವಯಸ್ಸುವಾರು ಪಟ್ಟಿ ಬಂದಾಗ ಈ ಜಗಳ ಮತ್ತೆ ಎದ್ದೇಳುತ್ತದೆ.

ಅಲ್ಲಿಯವರೆಗೆ ಆಗಬೇಕಾದ ಕೆಲಸ ಕಷ್ಟದ್ದಲ್ಲ. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಿದೆ. ಆಸ್ಪತ್ರೆಗಳು ಸಾವಿನ ಕಾರಣದ ಪ್ರಮಾಣ ಪತ್ರದ ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡಬೇಕು, ದೇಶದ ನೋಂದಣಿಯೆಲ್ಲ ಒಂದೇ ಗಣಕ ಭಂಡಾರಕ್ಕೆ ಸೇರಬೇಕು. ಸೇರಿದ ಮೇಲೆ ತಿಂಗಳಿಗೊಮ್ಮೆ, ಜಿಲ್ಲೆಗೆ ಇಷ್ಟು ಸಾವು ಎಂದು ಪ್ರಕಟಿಸಲು ಒಬ್ಬ ಗುಮಾಸ್ತರು ಸಾಕು. ಯಾರ ಹೆಸರೂ ಬೇಡ, ಸಂಖ್ಯೆ ಸಾಕು. ಸರ್ಕಾರ ಇದನ್ನು ತಾನಾಗಿ ಮಾಡುತ್ತದೆ ಎಂಬ ಭರವಸೆ ನನಗಿಲ್ಲ, ಶಾಸಕರು ಸದನದಲ್ಲಿ ಕೇಳಬೇಕು.

ಕೊನೆಗೆ, ಕೇಳುತ್ತಿರುವ ನಿಮ್ಮಲ್ಲಿ ಕೆಲವರಿಗೆ ಉಪಯೋಗಕ್ಕೆ ಬರುವ ಒಂದು ಮಾತು. ಕೊರೊನಾದ ಆ ಎರಡು ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡು ಆ ಸಾವು ಇನ್ನೂ ನೋಂದಣಿಯಾಗಿಲ್ಲದಿದ್ದರೆ ಈಗಲೂ ಮಾಡಿಸಬಹುದು. ಒಂದು ವರ್ಷ ದಾಟಿದ ಸಾವಿಗೆ ಜಿಲ್ಲಾ ದಂಡಾಧಿಕಾರಿಯ, ಉಪವಿಭಾಗದ ದಂಡಾಧಿಕಾರಿಯ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ದಂಡಾಧಿಕಾರಿಯ ಆದೇಶ ಬೇಕು, ತಡವಾದದ್ದಕ್ಕೆ ಶುಲ್ಕವಿದೆ. ಯಾವ ಕಾಗದ ಬೇಕೆಂದು ನಿಮ್ಮ ನಾಡಕಚೇರಿಯಲ್ಲಿ ಕೇಳಿ. ಕಾರಣದ ಕಾಲಂನಲ್ಲಿ ಏನು ಬರೆಯುತ್ತಾರೋ ಅದು ಆಮೇಲಿನ ಮಾತು, ಮೊದಲು ಹೆಸರು ಪುಸ್ತಕ ಸೇರಲಿ.